ನೆಲ ಮೊದಲು, ಬಲೂನು ಆಮೇಲೆ: ಮುಚ್ಚಿಹೋದ ಡ್ಯಾನ್ಸ್ ಹಾಲಿನ ನೆನಪಿಗೆ ಒಂದು ಕುಣಿತ ಏರ್ಪಡಿಸುವ ಬಗೆ

ನಾನೀಗ ಇರುವುದು ಇಂಗ್ಲೆಂಡಿನಲ್ಲಿ. ನಮ್ಮ ಪಕ್ಕದ ಮನೆಯವರಿಗೆ ಅರವತ್ತೇಳು ವರ್ಷ. ಬಸ್ ಓಡಿಸುತ್ತಿದ್ದು ನಿವೃತ್ತರಾದವರು. ಮೆಟ್ಟಿಲು ಹತ್ತುವಾಗ ಪಕ್ಕದ ಸರಳು ಹಿಡಿದೇ ಹತ್ತುತ್ತಾರೆ. ಅದೇ ಮನುಷ್ಯ ಒಂದು ಶನಿವಾರ ರಾತ್ರಿ ಮರದ ನೆಲದ ಮೇಲೆ ಗಿರ್ರನೆ ಮೂರು ಸುತ್ತು ತಿರುಗಿ, ತಾಳಕ್ಕೆ ಸರಿಯಾಗಿ ನಿಂತು ಚಪ್ಪಾಳೆ ಹೊಡೆದದ್ದನ್ನು ಕಣ್ಣಾರೆ ಕಂಡೆ. ರೆಕಾರ್ಡಿನ ಪೆಟ್ಟಿಗೆ ಎತ್ತಲು ಒಬ್ಬರು ಬೇಕಿತ್ತು, ಕರೆದರು, ಹೋದೆ. ಆಮೇಲೆ ಪೆಟ್ಟಿಗೆ ಎತ್ತುವ ಕೆಲಸ ನನಗೇ ಖಾಯಂ ಆಯಿತು. ಹಾಲ್ ಹುಡುಕುವುದು, ಕುರ್ಚಿ ಹಾಕುವುದು, ಕಡೆಗೆ ನೆಲ ಒರೆಸುವುದೂ ಸೇರಿಕೊಂಡಿತು. ಹೀಗೆ ಕಲಿತದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಪಕ್ಕದ ಮನೆಯವರೂ ಅವರ ಜೊತೆ ಕುಣಿಯುವವರೂ ನೆನಪಿಸಿಕೊಳ್ಳುವ ಹಾಲ್ ವಿಗನ್ ಕ್ಯಾಸಿನೊ. ಇಂಗ್ಲೆಂಡಿನ ವಾಯುವ್ಯದಲ್ಲಿ, ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್‌ಗಳ ನಡುವೆ ಇರುವ ವಿಗನ್ ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳಿಂದ ಬದುಕಿದ ಊರು. ಅಲ್ಲಿನ ಎಂಪ್ರೆಸ್ ಬಾಲ್‌ರೂಮ್ ಎಂಬ ಹಳೆಯ ನೃತ್ಯಶಾಲೆಯಲ್ಲಿ 1973ರ ಸೆಪ್ಟೆಂಬರ್ 23ರಂದು ಇಡೀ ರಾತ್ರಿಯ ಕುಣಿತ ಶುರುವಾಯಿತು. ಶನಿವಾರ ಮಧ್ಯರಾತ್ರಿ ಕಳೆದ ಮೇಲೆ ಬಾಗಿಲು ತೆರೆದರೆ ಮುಚ್ಚುತ್ತಿದ್ದುದು ಭಾನುವಾರ ಬೆಳಿಗ್ಗೆ 8ಕ್ಕೆ. ಹೆಸರು ಕ್ಯಾಸಿನೊ ಆದರೂ ಹುಡುಗರು ಬರುತ್ತಿದ್ದುದು ಜೂಜಿಗಲ್ಲ, ಕುಡಿತಕ್ಕೂ ಅಲ್ಲ. ಆ ರಾತ್ರಿಗಳಲ್ಲಿ ಅಲ್ಲಿ ಮದ್ಯ ಮಾರುತ್ತಲೇ ಇರಲಿಲ್ಲ. ಹದಿನಾರು, ಹದಿನೇಳು, ಇಪ್ಪತ್ತರ ಹುಡುಗ ಹುಡುಗಿಯರು ರೈಲು, ಬಸ್ಸು ಹಿಡಿದು ದೂರದೂರದ ಊರುಗಳಿಂದ ಬಂದು, ಬೆಳಗಿನವರೆಗೆ ಕುಣಿದು ಹೋಗುತ್ತಿದ್ದರು. 1981ರ ಡಿಸೆಂಬರ್ 6ರಂದು ಕೊನೆಯ ರಾತ್ರಿ. ಮರುವರ್ಷ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಕೆಡವಿದರು. ಈಗ ಅಲ್ಲಿರುವುದು ಗ್ರ್ಯಾಂಡ್ ಆರ್ಕೇಡ್ ಎಂಬ ಮಾಲ್.

ಕಟ್ಟಡ ಹೋಯಿತು, ಕಾಲುಗಳು ಉಳಿದಿವೆ. ನೆನಪಿನ ಕೂಟಕ್ಕೆ ಬರುವವರು ಗೋಡೆಗೆ ಅಂಟಿಸಿದ ಪೋಸ್ಟರ್ ನೋಡಲು ಬರುವುದಿಲ್ಲ, ಆ ಕಾಲುಗಳನ್ನು ಮತ್ತೊಮ್ಮೆ ಬಿಟ್ಟು ನೋಡಲು ಬರುತ್ತಾರೆ. ಹಣವಾಗಲಿ ತಲೆಯಾಗಲಿ ಎಲ್ಲಿ ಖರ್ಚು ಮಾಡಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಾನು ಹಿಡಿಯುವ ಅಳತೆಗೋಲು ಇದೊಂದೇ.

ಮೊದಲು ಕೇಳಿಕೊಳ್ಳಿ: ಯಾವ ಹಾಲ್, ಯಾವ ಹಾಡು?

"ಎಪ್ಪತ್ತರ ದಶಕದ ರಾತ್ರಿ" ಅಂತ ಮಾಡಬೇಡಿ. ಹಾಗೆ ಹೆಸರಿಟ್ಟರೆ ಮಿನುಗುವ ಅಂಗಿ, ಬಣ್ಣದ ಟೋಪನ್ನು ಹಾಕಿಕೊಂಡು ಒಂದು ಗುಂಪು ಬರುತ್ತದೆ. ನಿಜವಾಗಿ ಆ ಹಾಲಿಗೆ ಹೋಗಿದ್ದವರು ಅರ್ಧ ಗಂಟೆಯಲ್ಲಿ ಕೋಟು ಹಾಕಿಕೊಂಡು ಹೊರಡುತ್ತಾರೆ. ಯಾಕೆಂದರೆ ಅವರು ಎಪ್ಪತ್ತರ ದಶಕದಲ್ಲಿ ಕುಣಿದದ್ದು ಆ ದಶಕದ ರೇಡಿಯೊ ಹಾಡುಗಳಿಗಲ್ಲ. ಅರವತ್ತರ ದಶಕದ ನಡುಭಾಗದಲ್ಲಿ ಡೆಟ್ರಾಯಿಟ್, ಶಿಕಾಗೊ ಮುಂತಾದ ನಗರಗಳ ಸಣ್ಣಪುಟ್ಟ ಕಂಪನಿಗಳು ಹೊರತಂದ, ಅಮೆರಿಕದಲ್ಲೇ ಮಾರಾಟವಾಗದೆ ಗೋದಾಮು ಸೇರಿದ್ದ, "ಸೋಲ್" ಎಂಬ ಬಗೆಯ, ಕಪ್ಪು ಗಾಯಕರ ಬಿರುಸಿನ ಹಾಡುಗಳಿಗೆ. ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಪತ್ರಕರ್ತ ಡೇವ್ ಗಾಡಿನ್ ಇದಕ್ಕೆ "ನಾರ್ದರ್ನ್ ಸೋಲ್" ಎಂದು ಹೆಸರಿಟ್ಟರು. ಫುಟ್‌ಬಾಲ್ ಪಂದ್ಯಕ್ಕೆ ಬಂದ ಉತ್ತರದ ಹುಡುಗರು ಅಂಗಡಿಗೆ ನುಗ್ಗಿದರೆ ಯಾವ ಬಗೆಯ ರೆಕಾರ್ಡ್ ತೋರಿಸಬೇಕೆಂದು ಕೆಲಸದವರಿಗೆ ತಿಳಿಯಲಿ ಅಂತ ಕೊಟ್ಟ ಗುರುತು ಅದು. ಸಂಗೀತ ಅಮೆರಿಕದ್ದು, ಹೆಸರು ಇಂಗ್ಲೆಂಡಿನ ಉತ್ತರದ್ದು.

ಹಾಗಾಗಿ ಮೊದಲ ಕೆಲಸ, ಆ ಹಾಲಿಗೆ ನಿಜವಾಗಿ ಹೋಗುತ್ತಿದ್ದ ನಾಲ್ಕೈದು ಜನರನ್ನು ಚಹಾಕ್ಕೆ ಕರೆಯುವುದು. "ಆಗ ಹೇಗಿತ್ತು?" ಅಂತ ಕೇಳಿದರೆ "ಆಹಾ, ಚೆನ್ನಾಗಿತ್ತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕಾಲಿಗೆ ಏನು ಹಾಕುತ್ತಿದ್ದಿರಿ? ಚೀಲದಲ್ಲಿ ಏನಿರುತ್ತಿತ್ತು? ಹಾಲಿನಲ್ಲಿ ನೀವು ನಿಲ್ಲುತ್ತಿದ್ದ ಜಾಗ ಯಾವುದು? ಕಡೆಯ ಹಾಡು ಯಾವುದು? ಹೀಗೆ ಕೇಳಿ. ಎರಡು ಗಂಟೆಯಲ್ಲಿ ನಿಮ್ಮ ಅರ್ಧ ಯೋಜನೆ ತಯಾರು. ನಮಗೆ ಸಿಕ್ಕ ಉತ್ತರ: ಚರ್ಮದ ಅಟ್ಟೆಯ ಶೂ, ಬೆವರಿದಾಗ ಬದಲಿಸಲು ಇನ್ನೊಂದು ಅಂಗಿ, ಟವೆಲ್, ಒಂದು ಡಬ್ಬಿ ಟಾಲ್ಕಂ ಪೌಡರ್.

ನೆಲ

ಆ ಪೌಡರು ಮೈಗಲ್ಲ, ನೆಲಕ್ಕೆ. ಈ ಕುಣಿತದಲ್ಲಿ ಜೋಡಿ ಇಲ್ಲ; ಒಬ್ಬೊಬ್ಬರೇ ಎಡಕ್ಕೆ ಬಲಕ್ಕೆ ಜಾರುತ್ತ, ನಡುವೆ ತಿರುಗುತ್ತ, ಹಿಂದಕ್ಕೆ ಬಿದ್ದು ಕೈಯೂರಿ ಎದ್ದು, ಕಾಲು ಎತ್ತಿ ಒದೆಯುತ್ತ ಕುಣಿಯುವುದು. ಕಾಲು ಜಾರದೆ ಇದ್ದರೆ ಮಂಡಿ ತಿರುಚುತ್ತದೆ. ಹೆಚ್ಚು ಜಾರಿದರೆ ಸೊಂಟ ಮುರಿಯುತ್ತದೆ. ಇವೆರಡರ ನಡುವಿನ ಹದ ಇರುವ ನೆಲ ಹುಡುಕುವುದೇ ಇಡೀ ಕಾರ್ಯಕ್ರಮದ ಅತಿ ಮುಖ್ಯ ಕೆಲಸ.

ನಮ್ಮ ಮೊದಲ ಪ್ರಯತ್ನದಲ್ಲಿ ನಾನೇ ಎಡವಿದೆ. ಬಾಡಿಗೆ ಕಡಿಮೆ, ಪಾರ್ಕಿಂಗ್ ಇದೆ, ಅಡುಗೆಮನೆ ದೊಡ್ಡದು ಅಂತ ಒಂದು ಹಾಲ್ ಗೊತ್ತು ಮಾಡಿ ಬಂದೆ. "ನೆಲ ಹೇಗಿದೆ?" ಎಂದರು ಪಕ್ಕದ ಮನೆಯವರು. "ಚೆನ್ನಾಗಿದೆ, ಹೊಸ ಕಾರ್ಪೆಟ್" ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮುಂಗಡ ಹಣ ಹೋಯಿತು.

ಹಾಲ್ ನೋಡಲು ಹೋಗುವಾಗ ಚರ್ಮದ ಅಟ್ಟೆಯ ಶೂ ಹಾಕಿಕೊಂಡು ಹೋಗಿ. ನಡುವೆ ನಿಂತು ಒಮ್ಮೆ ಹಾರಿ. ಕೆಳಗೆ ತೊಲೆಗಳ ಮೇಲೆ ಹಾಸಿದ ಮರವಾದರೆ ನೆಲ ಸ್ವಲ್ಪ ಬಾಗಿ ಎದ್ದು ನಿಮ್ಮ ಭಾರವನ್ನು ತಾನೂ ಹೊರುತ್ತದೆ. ಕಾಂಕ್ರೀಟಿನ ಮೇಲೆ ಅಂಟಿಸಿದ ಹಲಗೆಯಾದರೆ ಏಟು ನೇರ ಮಂಡಿಗೆ ಬರುತ್ತದೆ. ಹದಿನೇಳರಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಅರವತ್ತೇಳರಲ್ಲಿ ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ. ಆಮೇಲೆ ಒಂದು ಹೆಜ್ಜೆ ಓಡಿ ಜಾರಿ ನೋಡಿ. ಹಲಗೆಗಳ ಸಂದಿನಲ್ಲಿ ಎದ್ದ ಮೊಳೆ, ಬ್ಯಾಡ್ಮಿಂಟನ್ ಗೆರೆಯ ಕಿತ್ತುಬಂದ ಟೇಪು, ಎಲ್ಲವನ್ನೂ ಕಣ್ಣಲ್ಲಲ್ಲ, ಅಂಗೈ ಆಡಿಸಿ ಪರೀಕ್ಷಿಸಿ. ಹಳೆಯ ಚರ್ಚ್ ಹಾಲ್‌ಗಳು, ಕಾರ್ಮಿಕರ ಕ್ಲಬ್‌ಗಳಲ್ಲಿ ಇಂಥ ನೆಲ ಇನ್ನೂ ಉಳಿದಿದೆ.

ಪೌಡರಿನ ವಿಷಯ ಹಾಲಿನವರ ಹತ್ತಿರ ಮೊದಲೇ ಬಾಯಿಬಿಟ್ಟು ಕೇಳಿ. ಹಲವರು ಬೇಡ ಎನ್ನುತ್ತಾರೆ, ಅವರ ಭಯದಲ್ಲಿ ಅರ್ಥವಿದೆ: ಮರುದಿನ ಅಲ್ಲೇ ಮಕ್ಕಳ ಕರಾಟೆ ತರಗತಿ. ಬೇಡ ಎಂದರೆ ಬೇಡ. ಒಪ್ಪಿದರೂ ಬಂದವರೆಲ್ಲ ತಮ್ಮ ತಮ್ಮ ಡಬ್ಬಿ ಅಲ್ಲಾಡಿಸಲು ಬಿಡಬೇಡಿ. ಮೂಲೆಯಲ್ಲಿ ಒಂದು ಅಗಲ ತಟ್ಟೆಯಲ್ಲಿ ಚಿಟಿಕೆ ಪೌಡರ್ ಇಟ್ಟರೆ ಬೇಕಾದವರು ಶೂವಿನ ಅಟ್ಟೆ ಒತ್ತಿಕೊಂಡು ಹೋಗುತ್ತಾರೆ. ಲ್ಯಾಮಿನೇಟ್ ನೆಲಕ್ಕಂತೂ ಪೌಡರ್ ತಾಗಿಸಲೇಬಾರದು. ಅಡಿಕೆ ತೋಟದ ಪಾಚಿ ಕಟ್ಟಿದ ಮೆಟ್ಟಿಲು ನೆನಪಿಸಿಕೊಳ್ಳಿ.

ಇನ್ನು ಜಾಗದ ಲೆಕ್ಕ. ಬೆಂಕಿ ಸುರಕ್ಷತೆಯ ಫಲಕದಲ್ಲಿ 150 ಜನ ಅಂತ ಬರೆದಿದ್ದರೆ ಅದು ಹಾಲ್ ಹಿಡಿಸುವ ಜನ, ಕುಣಿಯುವ ಜನವಲ್ಲ. ಒಬ್ಬೊಬ್ಬರಿಗೂ ಎಡಕ್ಕೆರಡು, ಬಲಕ್ಕೆರಡು ಹೆಜ್ಜೆ ಬೇಕು. 150ರ ಹಾಲಿಗೆ ನಾವು 110 ಟಿಕೆಟಿಗೆ ನಿಲ್ಲಿಸುತ್ತೇವೆ.

ಮೈಕಿನ ಕಣ್ಣು

ಇಲ್ಲಿನ ಸಮುದಾಯ ಭವನಗಳ ಗೋಡೆಯಲ್ಲಿ ಹಲವು ಕಡೆ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರೊಳಗಿನ ಮೈಕು ಶಬ್ದವನ್ನು ಅಳೆಯುತ್ತಿರುತ್ತದೆ. ಮಿತಿ ಮೀರಿದರೆ ಕೆಂಪು ದೀಪ, ಕೆಲವು ಕ್ಷಣ ಕಾದು ವೇದಿಕೆಯ ಪ್ಲಗ್‌ಗಳಿಗೆ ಕರೆಂಟೇ ಕಟ್. ಇದು ನಮಗೆ ಗೊತ್ತಿರಲಿಲ್ಲ. ಎರಡನೇ ಪ್ರಯತ್ನದಲ್ಲಿ, ಹಾಲ್ ಬಿಸಿಯಾಗಿದ್ದ ಹೊತ್ತಿನಲ್ಲೇ ಹಾಡು ಅರ್ಧಕ್ಕೆ ನಿಂತುಹೋಯಿತು. ಮಜವೆಂದರೆ ಅದಕ್ಕೆ ಕಾರಣ ಹಾಡಲ್ಲ, ಎಲ್ಲರೂ ಒಟ್ಟಿಗೆ ಹೊಡೆದ ಚಪ್ಪಾಳೆ. ಆ ಹಾಡಿನ ಒಂದು ಜಾಗದಲ್ಲಿ ಇಡೀ ಹಾಲ್ ಒಂದೇ ಏಟಿಗೆ ಚಪ್ಪಾಳೆ ಹೊಡೆಯುವುದು ಆ ಕಾಲದಿಂದ ಬಂದ ರೂಢಿ. ಕರೆಂಟ್ ಹೋದರೂ ಅವರು ನಿಲ್ಲಲಿಲ್ಲ, ಕಾಲಿನ ಸದ್ದಿನಲ್ಲೇ ಉಳಿದ ಅರ್ಧ ಹಾಡು ಮುಗಿಸಿದರು.

ಆದ್ದರಿಂದ ಬುಕ್ ಮಾಡುವ ಮೊದಲೇ ಆ ಪೆಟ್ಟಿಗೆ ಇದೆಯೇ, ಮಿತಿ ಎಷ್ಟು ಎಂದು ಕೇಳಿ. ಒಂದು ಸಂಜೆ ಸ್ಪೀಕರ್ ಒಯ್ದು, ನಾಲ್ಕು ಜನ ಜೋರಾಗಿ ಚಪ್ಪಾಳೆ ಹೊಡೆದು ಪರೀಕ್ಷೆ ಮಾಡಿ. ಅಡುಗೆಮನೆಯಿಂದ ವೈರ್ ಎಳೆದು ಪೆಟ್ಟಿಗೆಯನ್ನು ತಪ್ಪಿಸುವ ಜಾಣತನ ಬೇಡ. ಆ ಮಿತಿಯ ಹಿಂದೆ ಪಕ್ಕದ ಮನೆಯ ನಿದ್ದೆಗೆಟ್ಟ ಯಾರೋ ಇದ್ದಾರೆ.

ಕಾಗದಪತ್ರ

ಇಂಗ್ಲೆಂಡಿನಲ್ಲಿ ಸಾರ್ವಜನಿಕವಾಗಿ ರೆಕಾರ್ಡ್ ಹಾಕಲು "ದ ಮ್ಯೂಸಿಕ್ ಲೈಸೆನ್ಸ್" ಬೇಕು, ಕೊಡುವವರು ಪಿಪಿಎಲ್ ಪಿಆರ್‌ಎಸ್ ಎಂಬ ಸಂಗೀತದ ಹಕ್ಕಿನ ಸಂಸ್ಥೆ. ಸಾಮಾನ್ಯವಾಗಿ ಹಾಲಿನವರೇ ಇಟ್ಟುಕೊಂಡಿರುತ್ತಾರೆ. ನಿಮ್ಮ ಕಾರ್ಯಕ್ರಮಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಮದ್ಯ ಮಾರುವುದಾದರೆ, ಅಥವಾ ರಾತ್ರಿ 11ರ ನಂತರವೂ ನಡೆಸುವುದಾದರೆ, ಹಾಲಿಗೇ ಪರವಾನಗಿ ಇಲ್ಲದಿದ್ದಾಗ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ತಾತ್ಕಾಲಿಕ ಕಾರ್ಯಕ್ರಮದ ಸೂಚನಾಪತ್ರ ಕೊಡಬೇಕು. ಶುಲ್ಕ 21 ಪೌಂಡ್. ಕನಿಷ್ಠ 10 ಕೆಲಸದ ದಿನ ಮುಂಚೆ. ಸ್ವಯಂಸೇವಕರೂ ಸೇರಿ 499 ಜನರ ಮಿತಿ. ನಮ್ಮದು ಮದ್ಯವಿಲ್ಲದ, 11ಕ್ಕೆ ಮೊದಲೇ ಮುಗಿಯುವ ಕೂಟ. ಕ್ಯಾಸಿನೊದಲ್ಲೂ ಮದ್ಯ ಇರಲಿಲ್ಲವಲ್ಲ, ಸಂಪ್ರದಾಯವೂ ಉಳಿಯಿತು, ಅರ್ಜಿಯೂ ತಪ್ಪಿತು. ಅಪಘಾತ ವಿಮೆ ಮಾತ್ರ ಬಿಡಬೇಡಿ.

ಬೆಂಗಳೂರಿನಲ್ಲಿ ಹಳೆಯ ಜಾಮ್ ಸೆಷನ್‌ಗಳ ನೆನಪಿಗೋ, ಕೆಜಿಎಫ್‌ನ ಕ್ಲಬ್ ಡ್ಯಾನ್ಸ್‌ಗಳ ನೆನಪಿಗೋ ಇಂಥದೊಂದು ಮಾಡುವವರಿದ್ದರೆ, ಅಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10ರ ಗೆರೆ ಇರುವುದರಿಂದ ಮಧ್ಯಾಹ್ನವೇ ಶುರು ಮಾಡುವುದು ವಾಸಿ. ಸಂಗೀತದ ಹಕ್ಕಿನ ಶುಲ್ಕ ಅಲ್ಲೂ ಉಂಟು.

ರೆಕಾರ್ಡು, ಮತ್ತು ರೆಕಾರ್ಡಿನ ಜಗಳ

ಇವರ ಲೋಕದಲ್ಲಿ ಹಾಡು ಅಂದರೆ ಏಳು ಇಂಚಿನ, ನಿಮಿಷಕ್ಕೆ 45 ಸುತ್ತಿನ ತಟ್ಟೆ. ಒಂದು ಹಾಡು ಎರಡೂವರೆಯಿಂದ ಮೂರು ನಿಮಿಷ. ಗಂಟೆಗೆ ಸುಮಾರು 20 ತಟ್ಟೆ, ಐದು ಗಂಟೆಗೆ 100. ಒಬ್ಬರೇ ಡಿಜೆ ಇಡೀ ಸಂಜೆ ಹಾಕಿದರೆ ಅವರ ರುಚಿಯೇ ಎಲ್ಲರ ಮೇಲೂ ಬೀಳುತ್ತದೆ. ಐದು ಜನಕ್ಕೆ ಒಂದೊಂದು ಗಂಟೆ ಹಂಚಿ, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕದಂತೆ ಒಂದು ನೋಟ್‌ಬುಕ್ ಇಡಿ.

ಜಗಳ ಬರುವುದು ಮೂಲ ತಟ್ಟೆಯೋ, ಮರುಮುದ್ರಣವೋ ಎಂಬಲ್ಲಿ. ಕೆಲವರಿಗೆ ಅರವತ್ತರ ದಶಕದಲ್ಲಿ ಅಚ್ಚಾದ ಮೂಲ ತಟ್ಟೆಯೇ ಆಗಬೇಕು. ಅದರ ಬೆಲೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಕ್ಯಾಸಿನೊದ ಕೊನೆಯ ರಾತ್ರಿ, ರೂಢಿಯ ಮುಕ್ತಾಯದ ಹಾಡುಗಳೂ ಮುಗಿದ ಮೇಲೆ, ಕೊನೆಗೆ ಹಾಕಿದ ಫ್ರ್ಯಾಂಕ್ ವಿಲ್ಸನ್ನರ ಹಾಡೇ ಸಾಕ್ಷಿ. 1965ರ ಆ ತಟ್ಟೆಯ ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿವೆ. 2009ರಲ್ಲಿ ಒಂದು 25,742 ಪೌಂಡಿಗೆ ಹರಾಜಾಯಿತು. ಆಗಿನ ಡಿಜೆಗಳು ತಮ್ಮ ಅಪರೂಪದ ತಟ್ಟೆಯ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಬೇರೆಯದೇ ಹೆಸರು ಹೇಳಿ ಪ್ರತಿಸ್ಪರ್ಧಿಗಳ ದಾರಿ ತಪ್ಪಿಸುತ್ತಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಕುಣಿಯುವ ಕಾಲಿಗೆ ಮುದ್ರಣದ ವರ್ಷ ತಿಳಿಯುವುದಿಲ್ಲ. ಆದರೆ ಪೋಸ್ಟರಿನಲ್ಲಿ "ಮೂಲ ತಟ್ಟೆ ಮಾತ್ರ" ಎಂದು ಹಾಕಿ ಮರುಮುದ್ರಣ ಹಾಕಿದರೆ ಅದು ಮೋಸ. ಯಾವುದೆಂದು ಮೊದಲೇ ಹೇಳಿಬಿಡಿ.

ಎರಡು ಸಣ್ಣ ವಿಷಯ, ಎರಡೂ ರಾತ್ರಿ ಕೆಡಿಸುವಂಥವು. ಅಮೆರಿಕದ 45ರ ತಟ್ಟೆಗಳ ನಡುವಿನ ತೂತು ದೊಡ್ಡದು. ಅದಕ್ಕೆ ಕೂರಿಸುವ ಬಿಲ್ಲೆ ನಾಲ್ಕಾದರೂ ಜೇಬಿನಲ್ಲಿರಲಿ, ಕಳೆದುಹೋಗುವುದರಲ್ಲಿ ಅವು ಹೇರ್‌ಪಿನ್ನಿನ ತಂಗಿಯರು. ಇನ್ನೊಂದು, ಕುಣಿತಕ್ಕೆ ಒಳ್ಳೆಯದಾದ ಬಾಗುವ ನೆಲವೇ ಟರ್ನ್‌ಟೇಬಲಿಗೆ ಶತ್ರು. ನೂರು ಜನ ಒಟ್ಟಿಗೆ ಕಾಲಿಟ್ಟರೆ ಮೇಜು ಅದುರಿ ಮುಳ್ಳು ಹಾರುತ್ತದೆ. ಟರ್ನ್‌ಟೇಬಲ್ ವೇದಿಕೆಯ ಮೇಲಿರಲಿ. ಅದರ ಕೆಳಗೆ ಒಂದು ಭಾರದ ಕಲ್ಲು ಚಪ್ಪಡಿ, ಚಪ್ಪಡಿಯ ಕೆಳಗೆ ದಪ್ಪ ಫೋಮ್. ತೋಟದ ಕಾಲುದಾರಿಗೆ ಹಾಕುವ ಚಪ್ಪಡಿಯೇ ಸಾಕು.

ಹೊತ್ತು, ಮತ್ತು ಹಾಡಿನ ಸರದಿ

ನಾನು ಕುಂದಾಪುರದ ಕಡೆಯವನು. ಇಡೀ ರಾತ್ರಿ ಕುಣಿದು ಬೆಳಗಿನಲ್ಲಿ ಮುಗಿಯುವುದು ಅಂದಾಗ ನನಗೆ ಬಯಲಾಟ ಬಿಟ್ಟು ಬೇರೆ ನೆನಪಾಗಲಿಲ್ಲ. ಈಗ ಊರಲ್ಲಿ ಕಾಲಮಿತಿ ಯಕ್ಷಗಾನ ಬಂದ ಹಾಗೆ ಇಲ್ಲೂ ಕಾಲಮಿತಿ ಬಂದಿದೆ. ಮಧ್ಯಾಹ್ನ ಒಂದಕ್ಕೆ ಶುರುಮಾಡಿ ಸಂಜೆ ಎಂಟರ ಒಳಗೆ ಮುಗಿಸುವ ಹಗಲಿನ ಕೂಟವೇ ಈ ವಯಸ್ಸಿಗೆ ಹೇಳಿದ್ದು. ಕಡೆಯ ಬಸ್ಸೂ ಸಿಗುತ್ತದೆ, ಹಾಸಿಗೆಯೂ ಸಿಗುತ್ತದೆ. ಹಿಂದಿನ ಇಡೀ ರಾತ್ರಿಯ ಹುರುಪು ಬರೀ ಯೌವನದ್ದಾಗಿರಲಿಲ್ಲ, ನಿದ್ದೆ ಓಡಿಸುವ ಆಂಫೆಟಮಿನ್ ಮಾತ್ರೆಗಳೂ ಇದ್ದವು ಎಂಬುದನ್ನು ಹೋಗಿದ್ದವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅದನ್ನು ರಂಗುರಂಗಾಗಿ ಪೋಸ್ಟರಿಗೆ ಹಾಕಬೇಡಿ, ಮರೆಮಾಚಲೂ ಹೋಗಬೇಡಿ.

ಮೊದಲ ಗಂಟೆ ನಿಧಾನದ ಹಾಡುಗಳು. ಕೀಲು ಬಿಸಿಯಾಗಬೇಕು, ಬಹಳ ವರ್ಷ ಬಿಟ್ಟು ಬಂದವರು ಗೋಡೆ ಬಿಟ್ಟು ಮುಂದೆ ಬರಬೇಕು. ಜೋಡಿ ಬೇಡದ ಕುಣಿತವಾದ್ದರಿಂದ ಸಂಗಾತಿಯನ್ನು ಕಳೆದುಕೊಂಡವರೂ ಒಬ್ಬರೇ ಬಂದು ಸಂಕೋಚವಿಲ್ಲದೆ ಕುಣಿಯಬಹುದು. ಇದನ್ನು ಆಹ್ವಾನದಲ್ಲಿ ಬರೆಯಿರಿ. ಕೆಲವರು ಆ ಒಂದು ಸಾಲಿಗಾಗಿಯೇ ಬರುತ್ತಾರೆ. ಮೂರನೇ ಗಂಟೆಗೆ ಬಿರುಸಿನವು. ಹಾಡಿನ ಮೇಲೆ ಡಿಜೆ ಮಾತಾಡುವುದಕ್ಕೆ ಖಡಾಖಂಡಿತ ನಿಷೇಧ.

ಕೊನೆ ಮಾತ್ರ ನಿಮ್ಮ ಇಷ್ಟದ್ದಲ್ಲ. ಬಯಲಾಟಕ್ಕೆ ಮಂಗಳ ಇದ್ದ ಹಾಗೆ ಕ್ಯಾಸಿನೊದ ರಾತ್ರಿಗೆ "ಎಂಟಕ್ಕೆ ಮುಂಚಿನ ಮೂರು" ಎಂಬ ಮೂರು ಹಾಡುಗಳಿದ್ದವು: ಟೋಬಿ ಲೆಜೆಂಡ್‌ರ "ಟೈಮ್ ವಿಲ್ ಪಾಸ್ ಯು ಬೈ", ಜಿಮ್ಮಿ ರ್ಯಾಡ್‌ಕ್ಲಿಫ್‌ರ "ಲಾಂಗ್ ಆಫ್ಟರ್ ಟುನೈಟ್ ಈಸ್ ಆಲ್ ಓವರ್", ಡೀನ್ ಪ್ಯಾರಿಶ್‌ರ "ಐ ಆ್ಯಮ್ ಆನ್ ಮೈ ವೇ". ಅದೇ ಮೂರು, ಅದೇ ಸರದಿ. ನಿಮ್ಮ ಹಾಲ್ ಬೇರೆಯದಾದರೆ ಅದಕ್ಕೂ ಇಂಥದೊಂದು ಕೊನೆ ಇದ್ದೇ ಇರುತ್ತದೆ, ಚಹಾಕ್ಕೆ ಕರೆದವರಲ್ಲಿ ಕೇಳಿ.

ಉಳಿದದ್ದು

ಬೆನ್ನಿರುವ ಕುರ್ಚಿ ಗೋಡೆಯುದ್ದಕ್ಕೆ ಹಾಕಿ. ಕುಡಿಯುವ ನೀರು ಎರಡು ಕಡೆ, ದೊಡ್ಡ ಫ್ಯಾನ್ ಎರಡು. ಎದೆಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಾವ ಗೋಡೆಯಲ್ಲಿದೆ ಎಂದು ಸ್ವಯಂಸೇವಕರೆಲ್ಲರಿಗೂ ಬೆರಳು ಮಾಡಿ ತೋರಿಸಿ. ತಿಂಡಿ ಬೇರೆ ಕೋಣೆಯಲ್ಲಿ. ವಿಗನ್ನಿನವರಿಗೆ "ಪೈ ತಿನ್ನುವವರು" ಅಂತಲೇ ಅಡ್ಡಹೆಸರು, ಆದ್ದರಿಂದ ಮಾಂಸ, ಆಲೂಗಡ್ಡೆಯ ಪೈ ಇರಲೇಬೇಕು. ನಾನೊಮ್ಮೆ ಅಭಿಮಾನದಿಂದ ಕೋಡುಬಳೆ ಒಯ್ದೆ. ಎಲ್ಲರಿಗೂ ಹಿಡಿಸಿತು, ಕೈಯಲ್ಲಿ ಹಿಡಿದೇ ಕುಣಿಯಲು ಹೋದರು. ಚರ್ಮದ ಅಟ್ಟೆಯ ಕೆಳಗೆ ಕೋಡುಬಳೆಯ ಚೂರು ಬೇರಿಂಗಿನ ಗುಂಡಿನಂತೆ ಕೆಲಸ ಮಾಡುತ್ತದೆ. ಪುಣ್ಯಕ್ಕೆ ಯಾರೂ ಬೀಳಲಿಲ್ಲ.

ನೆನಪಿನ ಮೇಜು ಒಂದಿರಲಿ. ಸದಸ್ಯತ್ವದ ಕಾರ್ಡು, ಬಿಗಿಮುಷ್ಟಿಯ ಚಿತ್ರವಿರುವ ಬಟ್ಟೆ ಬ್ಯಾಡ್ಜು ಹೊಲಿದ ಚೀಲ, ಅಗಲ ಕಾಲಿನ ಪ್ಯಾಂಟು ಬರುತ್ತವೆ. ಯಾವುದನ್ನೂ "ಕೊಟ್ಟು ಹೋಗಿ, ಆಮೇಲೆ ಮರಳಿಸುತ್ತೇವೆ" ಎನ್ನಬೇಡಿ. ಅಲ್ಲೇ ಫೋಟೊ ತೆಗೆದು, ಅಲ್ಲೇ ವಾಪಸ್. ಆ ಮುಷ್ಟಿ ಅಮೆರಿಕದ ಕಪ್ಪು ಜನರ ಹೋರಾಟದಿಂದ ಎರವಲು ಬಂದದ್ದು. ಹಾಡಿದವರ ಹೆಸರು, ಊರು ಬರೆದ ಅಮೆರಿಕದ ಒಂದು ನಕ್ಷೆಯನ್ನೂ ಪಕ್ಕದಲ್ಲಿ ಹಾಕಿ. ನಾವು ಎರಡು ವರ್ಷ ಅದನ್ನು ಮರೆತಿದ್ದೆವು. ಒಬ್ಬ ಮೊಮ್ಮಗಳು ಬಂದು "ಇಷ್ಟೂ ಹಾಡು ಹಾಡಿದವರು ಯಾರು?" ಎಂದು ಕೇಳಿದಾಗ ನಾಚಿಕೆಯಾಯಿತು.

ಮೊಮ್ಮಕ್ಕಳಿಗಾಗಿ ಶುರುವಿಗೆ ಮುಂಚೆ ಅರ್ಧ ಗಂಟೆ ಪಾಠ ಇಡಿ. ಎಡಕ್ಕೆ ಬಲಕ್ಕೆ ಜಾರುವ ಮೂಲ ಹೆಜ್ಜೆಯಷ್ಟೇ ಸಾಕು. ಬೆನ್ನ ಮೇಲೆ ಬೀಳುವ ವರಸೆ ಕಲಿಸಲು ಕೆಲವು ಅಜ್ಜಂದಿರು ಉತ್ಸಾಹ ತೋರಿಸುತ್ತಾರೆ. ತಡೆಯಿರಿ.

ಟಿಕೆಟ್ ದರಕ್ಕೆ ನನ್ನ ಲೆಕ್ಕ ಸರಳ: ಒಟ್ಟು ಖರ್ಚನ್ನು, ಮಾರಲಿರುವ ಟಿಕೆಟಿನ ಶೇ 60ರಿಂದ ಭಾಗಿಸಿ. ಹಾಲ್ ತುಂಬದಿದ್ದರೂ ಕೈಯಿಂದ ಹಾಕಬೇಕಾಗುವುದಿಲ್ಲ. ಬಲೂನು, ಬಣ್ಣದ ಕಾಗದದ ಖರ್ಚು ಆ ಪಟ್ಟಿಯಲ್ಲಿದ್ದರೆ ಹೊಡೆದುಹಾಕಿ, ಆ ದುಡ್ಡಿಗೆ ಇನ್ನೊಂದು ಫ್ಯಾನ್ ಬರುತ್ತದೆ.

ಕೊನೆಯ ಹಾಡು ಮುಗಿದ ಕೂಡಲೇ ಟ್ಯೂಬ್‌ಲೈಟ್ ಹಾಕಬೇಡಿ. ಐದು ನಿಮಿಷ ಮಂದ ಬೆಳಕಿರಲಿ. ಕೆಲವರು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ, ಕೆಲವರು ಮಂಡಿ ನೀವಿಕೊಳ್ಳುತ್ತಿರುತ್ತಾರೆ. ಎಲ್ಲರೂ ಹೋದ ಮೇಲೆ ನೆಲವನ್ನು ಮೊದಲು ಒಣ ಮಾಪಿನಿಂದ ಎರಡು ಸಲ ಗುಡಿಸಿ, ಆಮೇಲೆ ಒದ್ದೆ ಬಟ್ಟೆ. ಮೊದಲೇ ನೀರು ತಾಗಿಸಿದರೆ ಪೌಡರ್ ಅಂಟಾಗಿ ಹಲಗೆಯ ಸಂದಿಗೆ ಇಳಿಯುತ್ತದೆ, ಮುಂದಿನ ವರ್ಷ ಹಾಲ್ ಸಿಗುವುದಿಲ್ಲ. ಬೀಗದ ಕೈ ಮರಳಿಸುವಾಗಲೇ ಮುಂದಿನ ದಿನಾಂಕ ಬರೆಸಿಬಿಡಿ. ಸೆಪ್ಟೆಂಬರ್ ಕೊನೆಯ ಶನಿವಾರಗಳು ಈ ಕಡೆ ಬೇಗ ತುಂಬುತ್ತವೆ.